ಕ್ಯಾಪ್ ಎಲ್ಲಿ ಹೋಯ್ತು?

ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ ಡೈರಿ. ಹಾಲಿನ ಕೂಲರ್ 4 ಡಿಗ್ರಿಗೆ ಇಳಿಯುತ್ತಿಲ್ಲ ಅಂತ ಫೋನ್ ಬಂತು. "ಗ್ಯಾಸ್ ಹಾಕ್ಸಿ ಎರಡು ತಿಂಗಳೂ ಆಗಿಲ್ಲ ಸಾರ್, ಇದು ಮೂರನೇ ಸಲ" ಅಂದರು ಸೆಕ್ರೆಟರಿ. ನೋಡಿದರೆ ಸಕ್ಷನ್ ಸರ್ವಿಸ್ ವಾಲ್ವಿನ (ಕಂಪ್ರೆಸರಿಗೆ ಗ್ಯಾಸ್ ಒಳಬರುವ ಕಡೆಯ ವಾಲ್ವ್) ಮೇಲೆ ಕ್ಯಾಪೇ ಇಲ್ಲ. ಸುತ್ತ ಎಣ್ಣೆ ಜಿಡ್ಡು, ಅದಕ್ಕೆ ಮೆತ್ತಿದ ಧೂಳು. ಸೋಪಿನ ನೀರು ಹಚ್ಚಿದೆ. ಸ್ಪಿಂಡಲ್, ಅಂದರೆ ವಾಲ್ವ್ ತಿರುಗಿಸುವ ಕಡ್ಡಿಯ ಬುಡದಲ್ಲಿ ಸಾಸಿವೆ ಗಾತ್ರದ ಗುಳ್ಳೆ ಒಂದೊಂದೇ ಎದ್ದವು.

ಊರಿಗೆ ಬರುವ ಮೊದಲು ನಾನು ಹಡಗಿನ ಇಂಜಿನ್ ರೂಮಿನಲ್ಲಿದ್ದವನು. ಅಲ್ಲಿ ಮಾಂಸದ ಕೋಣೆ ಮೈನಸ್ 18ರಲ್ಲಿ ಇರಬೇಕು. ನಡುಗಡಲಲ್ಲಿ ಗ್ಯಾಸ್ ಖಾಲಿಯಾದರೆ ಯಾವ ಅಂಗಡಿಗೆ ಹೋಗೋದು? ಸದಾ ನಡುಕ, ಮೇಲೆ ಉಪ್ಪುಗಾಳಿ. ಕ್ಯಾಪ್ ಇಲ್ಲದ ಸ್ಪಿಂಡಲ್ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದದ್ದನ್ನು ತಿರುಗಿಸಿದಾಗಲೆಲ್ಲ ಅದು ಗ್ಯಾಸ್ ಸೋರದಂತೆ ಸುತ್ತ ತಡೆಯುವ ಒಳಗಿನ ಪ್ಯಾಕಿಂಗನ್ನು ಅರದ ಹಾಗೆ ತೇಯುತ್ತದೆ.

ಈ ವಾಲ್ವಿಗೆ ಮೂರು ಬಾಯಿ: ಪೈಪಿಗೊಂದು, ಕಂಪ್ರೆಸರಿಗೊಂದು, ಪ್ರೆಶರ್ ಅಳೆಯುವ ಗೇಜಿಗೊಂದು. ಸ್ಪಿಂಡಲ್ ಪೂರ್ತಿ ಹೊರಗೆ ಬಂದರೆ ಬ್ಯಾಕ್ ಸೀಟ್. ಗೇಜಿನ ಬಾಯಿ ಮುಚ್ಚಿರುತ್ತದೆ, ಗ್ಯಾಸಿನ ದಾರಿ ತೆರೆದಿರುತ್ತದೆ. ಪೂರ್ತಿ ಒಳಗೆ ಹೋದರೆ ಫ್ರಂಟ್ ಸೀಟ್, ಪೈಪಿನ ದಾರಿ ಬಂದ್. ಪ್ರೆಶರ್ ನೋಡೋಕೆ ಬ್ಯಾಕ್ ಸೀಟಿನಿಂದ ಸ್ವಲ್ಪ ಒಳಗೆ ತಿರುಗಿಸಿದರೆ ಸಾಕು.

ಕಂಪ್ರೆಸರಿನಿಂದ ಗ್ಯಾಸ್ ಹೊರಹೋಗುವ ಕಡೆಯ ಡಿಸ್ಚಾರ್ಜ್ ವಾಲ್ವನ್ನು ಫ್ರಂಟ್ ಸೀಟಿನಲ್ಲಿ ಮರೆತು ಮೋಟರ್ ಹಾಕಿದರೆ ಕತೆ ಮುಗಿಯಿತು. ಗ್ಯಾಸಿಗೆ ಹೋಗಲು ಜಾಗವಿಲ್ಲ, ಹೆಡ್ ಗ್ಯಾಸ್ಕೆಟ್ ಹೋಗಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಪ್ರೆಶರ್ ಮಿತಿಮೀರಿದರೆ ಮೋಟರ್ ನಿಲ್ಲಿಸುವ ಹೈ ಪ್ರೆಶರ್ ಕಟ್‌ಔಟ್ ಇದೆಯಲ್ಲ ಅಂತೀರಾ? ಅದನ್ನು ಎಲ್ಲಿ ಜೋಡಿಸಿದ್ದಾರೆ ನೋಡಿ. ವಾಲ್ವ್ ದಾಟಿ ಪೈಪಿನ ಮೇಲಿದ್ದರೆ ಕಂಪ್ರೆಸರ್ ಒಳಗಿನ ಪ್ರೆಶರ್ ಅದಕ್ಕೆ ಗೊತ್ತೇ ಆಗುವುದಿಲ್ಲ. ಗೇಜಿನ ಬಾಯಿಗೇ ಜೋಡಿಸಿದ್ದರೆ ಇನ್ನೊಂದು ತಕರಾರು: ಪೂರ್ತಿ ಬ್ಯಾಕ್ ಸೀಟ್ ಮಾಡಿದಿರೋ, ಕಟ್‌ಔಟ್ ಕುರುಡು. ಅಂಥ ಕಡೆ ಸ್ವಲ್ಪ ಒಳಗೇ ಬಿಡಬೇಕು. ಇದನ್ನು ಹೊಸ ಹುಡುಗರಿಗೆ ಯಾರೂ ಹೇಳಿಕೊಡುವುದಿಲ್ಲ.

ಇನ್ನೊಂದು ಮಾತು. ಸ್ಪಿಂಡಲ್ ತಿರುಗಿಸುವ ಮೊದಲು, ಪ್ಯಾಕಿಂಗನ್ನು ಒತ್ತಿ ಹಿಡಿಯುವ ಗ್ಲ್ಯಾಂಡ್ ನಟ್ಟನ್ನು ತುಸು ಸಡಿಲಿಸಿ, ಆಮೇಲೆ ಬಿಗಿ ಮಾಡಿ. ಕಟಿಂಗ್ ಪ್ಲೇಯರ್ ಹಾಕಬೇಡಿ, ಸ್ಪಿಂಡಲಿನ ಚೌಕದ ತಲೆ ಉರುಟಾಗುತ್ತದೆ. ಅದಕ್ಕೆಂದೇ ಕೀ ಇದೆ ಅಲ್ವಾ!

ಡೈರಿಯಲ್ಲಿ ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದೆ, ಗುಳ್ಳೆ ನಿಂತವು. ಆದರೂ ಕ್ಯಾಪ್ ಬೇಕೇ ಬೇಕು. ಪ್ಯಾಕಿಂಗ್ ಸೋತರೆ ತಡೆಯೋದು ಅದೊಂದೇ. ಸೆಕ್ರೆಟರಿ ಮೇಜಿನ ಡ್ರಾಯರ್ ತಡಕಿ, ಪೆನ್ನು, ರಬ್ಬರ್ ಬ್ಯಾಂಡಿನ ನಡುವಿಂದ ಹಿತ್ತಾಳೆಯ ತುಂಡೊಂದನ್ನು ತೆಗೆದರು.

"ಇದಾ ಸಾರ್? ಮೊದಲ್ನೇ ಸಲ ಗ್ಯಾಸ್ ಹಾಕಿದಾಗ ಮಿಕ್ಕಿತ್ತು, ಸುಮ್ನೆ ಇಟ್ಟಿದ್ದೆ."