ಹಬ್ಬಕ್ಕೆ ಕಾಯದ ತಿಂಡಿಗಳು

ಹುಬ್ಬಳ್ಳಿಯ ದುರ್ಗದಬೈಲ್ ಸುತ್ತ ಚಕ್ಲಿ, ಶಂಕರಪಾಳಿ, ಶೇಂಗಾ ಹೋಳಿಗೆ ಕಟ್ಟಿಸಿಕೊಳ್ಳಲು ಈಗ ಹಬ್ಬದ ನೆಪ ಬೇಕಿಲ್ಲ. ಇದೆಲ್ಲ ಇತ್ತೀಚಿನ ಬೇಕರಿ, ಆನ್‌ಲೈನ್ ಕಾಲದ ಮಹಿಮೆ ಅಂತ ಹಲವರು ಹೇಳ್ತಾರೆ. ಕಥೆ ಅದಕ್ಕಿಂತ ಹಳೆಯದು.

1956ರವರೆಗೆ ಈ ಭಾಗ ಮುಂಬೈ ಆಡಳಿತದಲ್ಲಿತ್ತು. ಮರಾಠಿ ಮನೆಗಳ ದೀಪಾವಳಿ ಫರಾಳ, ಅಂದರೆ ಚಕ್ಲಿ, ಶಂಕರಪಾಳಿಯಂಥ ಹಬ್ಬದ ತಿಂಡಿಗಳು, ಇಲ್ಲಿನ ಅಡುಗೆಮನೆಗೂ ಹೊಕ್ಕಿತು. ಉಪವಾಸದ ಸಾಬೂದಾಣಿ ಖಿಚಡಿ ಹೋಟೆಲ್ ನಾಷ್ಟಾ ಆಯಿತು. ಉಪವಾಸ ಇಲ್ಲದವರೇ ಅದನ್ನು ಜಾಸ್ತಿ ತಿನ್ನುತ್ತಾರೇನೋ! ಧಾರವಾಡ ಪೇಡೆಯೂ ವಲಸೆ ಬಂದದ್ದೇ. 19ನೇ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನ ಅದನ್ನು ಶುರು ಮಾಡಿತು. ಈಗ ಗಂಡು ಹುಟ್ಟಿದರೂ ಹೆಣ್ಣು ಹುಟ್ಟಿದರೂ, ಪಾಸಾದರೂ, ಪೇಡೆ.

ಕ್ರೈಸ್ತ ಮಿಷನರಿಗಳ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. 1880ರ ದಶಕದ ರೈಲ್ವೆ ವರ್ಕ್‌ಶಾಪ್ ಬೇರೆ ಬೇರೆ ಊರಿನವರನ್ನು ಒಂದೇ ಓಣಿಗೆ ತಂದಿತು. ಕ್ರಿಸ್‌ಮಸ್ ತಟ್ಟೆಯಲ್ಲಿ ಕೇಕ್ ಪಕ್ಕ ಕರ್ಚಿಕಾಯಿ ಕೂತಿದ್ದು ಹೀಗೇ. ಪಕ್ಕದ ಮನೆಯಿಂದ ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದಲ್ವಾ? ಕೇಕ್ ಬಂದರೆ ಉಂಡಿ ಹೋಗುತ್ತಿತ್ತು. ಅಂಗಡಿಗಿಂತ ಮೊದಲು ರುಚಿ ಹತ್ತಿಸಿದ್ದು ಈ ಡಬ್ಬಿಗಳು.

ಆದರೆ ಎಲ್ಲವೂ ಅಂಗಡಿ ಸೇರಲಿಲ್ಲ. ನನ್ನ ಪ್ರಕಾರ ಇದನ್ನು ತೀರ್ಮಾನ ಮಾಡಿದ್ದು ಧರ್ಮ, ಜಾತಿಗಿಂತ ಹೆಚ್ಚಾಗಿ ಬಾಳಿಕೆ. ಶೇಂಗಾ ಹೋಳಿಗೆ ವಾರಗಟ್ಟಲೆ ಕೆಡುವುದಿಲ್ಲ, ಬಸ್ಸಿನಲ್ಲಿ ಬೆಂಗಳೂರಿಗೂ ಹೋಗುತ್ತದೆ. ಬೇಳೆ ಹೂರಣದ ಹೋಳಿಗೆ ಮರುದಿನವೇ ಹಳಸುವ ಭಯ. ಸಕ್ಕರೆ ಹಾಕಿ ಕಂದುಬಣ್ಣ ಬರುವತನಕ ಖೋವಾ ಹುರಿದರೆ ನೀರಿನಂಶ ಹೋಗಿ ಪೇಡೆ ಉಳಿಯುತ್ತದೆ.

ರಂಜಾನ್ ಹಬ್ಬದ ಸುರಕುಂಬಾ ನೋಡಿ. ತುಪ್ಪದಲ್ಲಿ ಹುರಿದ ಸಣ್ಣ ಶ್ಯಾವಿಗೆ, ನೆನೆಸಿ ಹೆಚ್ಚಿದ ಉತ್ತತ್ತಿ, ಬಾದಾಮಿ, ಚಾರೋಳಿ ಹಾಲಿನಲ್ಲಿ ಕುದಿಯಬೇಕು. ಬಿಸಿ ಇರುವಾಗ ಕುಡಿಯುವಷ್ಟು ತೆಳು. ಒಂದೆರಡು ತಾಸು ಬಿಟ್ಟರೆ ಶ್ಯಾವಿಗೆ ಹಾಲೆಲ್ಲ ಹೀರಿ ಚಮಚ ನಿಲ್ಲುವಷ್ಟು ಗಟ್ಟಿ. ಇದನ್ನು ಗಾಜಿನ ಕಪಾಟಿನಲ್ಲಿಟ್ಟು ಮಾರುವುದು ಕಷ್ಟ. ಗೆಳೆಯರ ಮನೆಗೇ ಹೋಗಬೇಕು.

ಮೊಹರಂನಲ್ಲಿ ಅಲಾಯಿ ದೇವರಿಗೆ ಎಡೆ ಹಿಡಿಯುವ ಚೊಂಗೆ ಎಂಬ ಸಿಹಿ ರೊಟ್ಟಿಯೂ ಅಂಗಡಿ ಸೇರಲಿಲ್ಲ. ಗದಗ, ಹಾವೇರಿಯ ಹಳ್ಳಿಗಳಲ್ಲಿ ಹಿಂದೂಗಳೂ ಅದನ್ನು ಮಾಡುತ್ತಾರೆ. ಬೆಲ್ಲ, ಗೋಧಿಹಿಟ್ಟು ಎರಡೂ ಮನೆಯಲ್ಲೇ ಇರುತ್ತವೆ, ಆದರೂ ಉಳಿದ ದಿನ ಯಾರೂ ಸುಮ್ನೆ ಚೊಂಗೆ ಬಡಿಯುವುದಿಲ್ಲ. ಬೇಕರಿಯವರಿಗೂ ಅದರ ಆಸೆ ಇದ್ದಂತಿಲ್ಲ.