ಹೋಮಿಯೋಸ್ಟಾಸಿಸ್ ಅಂದರೆ ಏನು?

ಪಿಯುಸಿ ಬಯಾಲಜಿ ರಿವಿಷನ್ ಅಂದರೆ ಅಂಗವ್ಯೂಹಗಳನ್ನು ಒಂದೊಂದಾಗಿ ಉರು ಹೊಡೆಯುವುದು ಅಂತಲೇ ಆಗಿಬಿಟ್ಟಿದೆ. ಉಸಿರಾಟ ಒಂದು ಪಾಠ, ರಕ್ತ ಪರಿಚಲನೆ ಇನ್ನೊಂದು, ವಿಸರ್ಜನೆ ಮತ್ತೊಂದು. ಇವನ್ನೆಲ್ಲ ಒಟ್ಟಿಗೆ ಹಿಡಿದಿಡುವ ಹೋಮಿಯೋಸ್ಟಾಸಿಸ್ ಅನ್ನೋದನ್ನು ಮಾತ್ರ ಎರಡು ಮಾರ್ಕಿಗೆ ಅಂತ ಓದಿ ಮುಂದೆ ಹೋಗುತ್ತಾರೆ. ಅದು ಮೊದಲು ತಲೆಗೆ ಹತ್ತಿದರೆ ಉಳಿದ ಪಾಠಗಳು ಎಷ್ಟೋ ಸಲೀಸು.

ಹೊರಗೆ ಬಿಸಿಲಿರಲಿ ಚಳಿಯಿರಲಿ, ಊಟ ಆಗಿರಲಿ ಬಿಟ್ಟಿರಲಿ, ದೇಹ ತನ್ನ ಒಳಗಿನ ಸ್ಥಿತಿಯನ್ನು ಒಂದು ಸಣ್ಣ ಮಿತಿಯೊಳಗೇ ಇಟ್ಟುಕೊಳ್ಳುತ್ತದೆ ಅಲ್ವಾ, ಅದೇ ಹೋಮಿಯೋಸ್ಟಾಸಿಸ್. ಮೈ ಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್, ರಕ್ತದ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.35ರಿಂದ 7.45. ಈ ಪದವನ್ನು 1926ರಲ್ಲಿ ಬಳಕೆಗೆ ತಂದವರು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್.

ಸ್ಥಿರ ಅಂದ ಮಾತ್ರಕ್ಕೆ ಒಳಗೆ ಎಲ್ಲ ಸುಮ್ನೆ ನಿಂತಿದೆ ಅಂತಲ್ಲ. ಮಳೆಗಾಲದಲ್ಲಿ ಗೊರೂರಿನ ಹೇಮಾವತಿ ಡ್ಯಾಂ ತುಂಬಿದ ಮೇಲೆ ಒಳಹರಿವು ಎಷ್ಟಿದೆಯೋ ಅದಕ್ಕೆ ತಕ್ಕಂತೆ ಗೇಟ್ ಎತ್ತಿ ನೀರು ಬಿಡುತ್ತಾರೆ, ಮಟ್ಟ 2,922 ಅಡಿ ದಾಟುವುದಿಲ್ಲ, ಆದರೆ ನೀರು ಹರಿಯುತ್ತಲೇ ಇರುತ್ತದೆ. ಕಿಡ್ನಿಯನ್ನು ನೋಡಿ. ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ, ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರ್ ಅಷ್ಟೇ. ಮಿಕ್ಕಿದ್ದೆಲ್ಲ ವಾಪಸ್ ರಕ್ತಕ್ಕೆ.

ಈಗ ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಬಂಡೆಯಲ್ಲೇ ಕಡೆದ 600ಕ್ಕೂ ಜಾಸ್ತಿ ಮೆಟ್ಟಿಲು, ಅರ್ಧಕ್ಕೇ ಏದುಸಿರು. ತೊಡೆಯ ಸ್ನಾಯುಗಳು ಬಿಡುವ ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲೇ ಉಳಿದರೆ ರಕ್ತದಲ್ಲಿ ಆಮ್ಲ ಜಾಸ್ತಿಯಾಗುತ್ತದೆ, ಅದಕ್ಕೆ ಮೆದುಳಿನ ಮೆಡುಲ್ಲಾ ಉಸಿರಾಟವನ್ನು ಜೋರು ಮಾಡಿ ಅದನ್ನು ಹೊರಗೆ ಹಾಕಿಸುತ್ತದೆ. ಎದೆ ಡವಡವ ಅನ್ನುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗಿ ಮುಖ ಕೆಂಪಾಗುತ್ತದೆ, ಬೆವರು ಆರುತ್ತಾ ಮೈ ಬಿಸಿಯನ್ನು ಇಳಿಸುತ್ತದೆ. ಬೆವರಲ್ಲಿ ನೀರು ಹೋಯಿತಲ್ಲ, ಪಿಟ್ಯುಟರಿ ಗ್ರಂಥಿ ಎಡಿಎಚ್ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ, ಕಿಡ್ನಿ ನೀರು ಉಳಿಸಿಕೊಳ್ಳುತ್ತದೆ, ಅದಕ್ಕೇ ಆಮೇಲೆ ಮೂತ್ರ ಗಾಢ ಹಳದಿ. ಲಿವರ್ ಕೂಡಿಟ್ಟಿದ್ದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಒಂದು ಬೆಟ್ಟ ಹತ್ತುವುದರಲ್ಲಿ ಎಷ್ಟು ಪಾಠ ಬಂತು ನೋಡಿ!

ಯಾವುದೋ ಒಂದು ಏರಿದರೆ ಇಳಿಸುವುದು, ಇಳಿದರೆ ಏರಿಸುವುದು, ಇದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಅನ್ನುತ್ತಾರೆ. ಹೆರಿಗೆ ನೋವಿನಂಥ ಕೆಲವು ಕಡೆ ಮಾತ್ರ ಏರಿದ್ದನ್ನು ಇನ್ನೂ ಏರಿಸುವ ವ್ಯವಸ್ಥೆ ಇದೆ.

ಜ್ವರದ ವಿಷಯ ಎಲ್ಲಕ್ಕಿಂತ ಸ್ವಾರಸ್ಯ. ಸೋಂಕು ತಗುಲಿದಾಗ, ಮೈ ಬಿಸಿಯನ್ನು ಹತೋಟಿಯಲ್ಲಿಡುವ ಮೆದುಳಿನ ಭಾಗವಾದ ಹೈಪೋಥಲಾಮಸ್ ತನ್ನ ಗುರಿಯನ್ನೇ 37ರಿಂದ 39ಕ್ಕೆ ಏರಿಸಿಕೊಂಡಿತು ಅಂತಿಟ್ಟುಕೊಳ್ಳಿ. ಆಗ 38 ಡಿಗ್ರಿ ಇರುವ ಮೈ ಕೂಡ ಅದರ ಲೆಕ್ಕದಲ್ಲಿ ತಣ್ಣಗಿದೆ. ಅದಕ್ಕೇ ಮೈ ಮುಟ್ಟಿದರೆ ಸುಡುತ್ತಿದ್ದರೂ ಎರಡು ಕಂಬಳಿ ಹೊದ್ದು ನಡುಗುವುದು. ಆ ನಡುಕದಿಂದಲೇ ಸ್ನಾಯುಗಳು ಬಿಸಿ ಹುಟ್ಟಿಸುತ್ತವೆ. ಪ್ಯಾರಾಸಿಟಮಾಲ್ ತಗೊಂಡರೆ ಆ ಗುರಿ ಕೆಳಗಿಳಿಯುತ್ತದೆ, ಆಗ ಅದೇ ಮೈ ದೇಹಕ್ಕೆ ತೀರಾ ಬಿಸಿ ಅನ್ನಿಸಿ ಕಂಬಳಿ ಕಿತ್ತೆಸೆದು ಬೆವರುತ್ತೇವೆ.