ಉಸಿರು ಹಿಡ್ಕೊಳ್ಳಿ, ಖಾಲಿ ಹೊಟ್ಟೆಲಿ ಬನ್ನಿ: ಸ್ಕ್ಯಾನ್ ರೂಮಿನ ಸೂಚನೆಗಳ ಹಿಂದಿನ ಫಿಸಿಕ್ಸ್ (ಇಮೇಜಿಂಗ್ ನೋಟ್ಸ್)

ಕ್ಲಿನಿಕ್ ಪೋಸ್ಟಿಂಗ್ ಶುರುವಾದ್ಮೇಲೆ ನಂಗೆ ಒಂದು ವಿಷಯ ಮನಸಲ್ಲಿ ಗಟ್ಟಿಯಾಗಿ ಕೂತಿದೆ, ಪೇಷೆಂಟಿಗೆ ನಾವು ಹೇಳೋ ಒಂದೊಂದು ಮಾತಿಗೂ ಫಿಸಿಕ್ಸಲ್ಲಿ ಕಾರಣ ಇದೆ. ಉಸಿರು ಹಿಡ್ಕೊಳ್ಳಿ, ನೀರು ಕುಡಿದು ಕೂತಿರಿ, ಸರ ತೆಗೀರಿ, ಇವನ್ನೆಲ್ಲ ಪಟ್ಟಿ ಮಾಡ್ಕೊಂಡು ಉರು ಹೊಡೆದ್ರೆ ಎರಡು ದಿನಕ್ಕೆ ಮರ್ತೋಗತ್ತೆ, ಕಾರಣ ಗೊತ್ತಿದ್ರೆ ಮಾತ್ರ ಎದುರಿಗಿರೋರಿಗೆ ಸಮಾಧಾನ ಆಗೋ ಹಾಗೆ ಬಾಯಿಂದ ಬರತ್ತೆ. ಅದಕ್ಕೆ ಈ ಸಲ ಸೂಚನೆಯಿಂದ ಶುರು ಮಾಡಿ ಮಷೀನ್ ಕಡೆ ಹೋಗೋಣ ಅಂತ ಬರೀತಿದೀನಿ.

ಮೊದಲು ಎದೆಯ ಎಕ್ಸ್‌ರೇ, ಯಾಕಂದ್ರೆ ಸಣ್ಣ ಕ್ಲಿನಿಕ್ಕಲ್ಲಿ ದಿನಾ ಜಾಸ್ತಿ ಬರೋದು ಇದೇ, ಮತ್ತೆ ನಾವು ಜಾಸ್ತಿ ತಪ್ಪು ಮಾಡೋದೂ ಇದರಲ್ಲೇ.

"ಉಸಿರು ಪೂರ್ತಿ ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ." ಉಸಿರು ಎಳೆದಾಗ ವಪೆ (ಎದೆಗೂ ಹೊಟ್ಟೆಗೂ ಮಧ್ಯ ಇರೋ ಸ್ನಾಯುವಿನ ಪರದೆ) ಕೆಳಗೆ ಇಳಿಯತ್ತೆ, ಶ್ವಾಸಕೋಶದಲ್ಲಿ ಗಾಳಿ ತುಂಬತ್ತೆ, ಗಾಳಿ ಎಕ್ಸ್‌ರೇನ ತಡೆಯೋದೇ ಇಲ್ಲ ಅನ್ನೋಷ್ಟು ಕಮ್ಮಿ, ಹಾಗಾಗಿ ಚಿತ್ರದಲ್ಲಿ ಕಪ್ಪು. ಅರ್ಧ ಉಸಿರಲ್ಲಿ ತೆಗೆದ್ರೆ ಶ್ವಾಸಕೋಶದ ಬುಡ ಒತ್ಕೊಂಡು ಬೆಳ್ಳಗೆ ಕಾಣತ್ತೆ, ನ್ಯುಮೋನಿಯಾ ಇದೆಯೇನೋ ಅನ್ಸತ್ತೆ, ಹೃದಯನೂ ಅಡ್ಡಡ್ಡ ದೊಡ್ಡದಾಗಿ ಕಾಣತ್ತೆ. ಪರೀಕ್ಷೆಲಿ ಕೇಳೋ ಪಾಯಿಂಟ್ ಇದು: ವಪೆಯ ಮೇಲ್ಗಡೆ ಹಿಂಭಾಗದ ಪಕ್ಕೆಲುಬು 9 ಇಲ್ಲ 10 ಎಣಿಸೋಕೆ ಸಿಗಬೇಕು, ಆರೋ ಏಳೋ ಸಿಕ್ತು ಅಂದ್ರೆ ಉಸಿರು ಸಾಲ್ದು ಅಂತ ಅರ್ಥ.

"ಎದೆ ಪ್ಲೇಟಿಗೆ ಒತ್ತಿ ನಿಂತ್ಕೊಳ್ಳಿ, ಭುಜ ಮುಂದಕ್ಕೆ ತನ್ನಿ." ಎಕ್ಸ್‌ರೇ ಟ್ಯೂಬಲ್ಲಿ ಒಂದು ಸಣ್ಣ ಚುಕ್ಕೆಯಿಂದ ಹೊರಟು ಅಗಲ ಆಗ್ತಾ ಬರತ್ತೆ. ಗೋಡೆಗೆ ಕೈ ಹತ್ರ ಹಿಡಿದು ಟಾರ್ಚ್ ಬಿಟ್ರೆ ನೆರಳು ಕೈಯಷ್ಟೇ ಇರತ್ತೆ, ಗೋಡೆಯಿಂದ ಕೈ ದೂರ ತಂದು ಟಾರ್ಚ್ ಕಡೆಗೆ ಒಯ್ದಷ್ಟೂ ನೆರಳು ಹಿಗ್ಗತ್ತೆ, ಇಲ್ಲೂ ಅದೇ. ಹೃದಯ ಎದೆಯ ಮುಂಭಾಗಕ್ಕೆ ಹತ್ರ ಇರೋದ್ರಿಂದ ಮುಂಭಾಗನ ಡಿಟೆಕ್ಟರಿಗೆ ತಾಗಿಸಿ, ಟ್ಯೂಬ್‌ನ ಸುಮಾರು 180 ಸೆಂಟಿಮೀಟರ್ ದೂರ ಹಿಂದೆ ಇಡ್ತೀವಿ. ಇದು ಪಿಎ ವ್ಯೂ, ಕಿರಣ ಬೆನ್ನಿಂದ ಎದೆ ಕಡೆಗೆ. ಹಾಸಿಗೆ ಹಿಡಿದೋರಿಗೆ ಹಾಗೆ ನಿಲ್ಲೋಕೆ ಆಗಲ್ಲ, ಅವ್ರಿಗೆ ಮುಂದಿನಿಂದ ಎಪಿ ತೆಗೀತೀವಿ, ಆಗ ಹೃದಯ ಇರೋದಕ್ಕಿಂತ ದೊಡ್ಡದಾಗಿ ಬರತ್ತೆ, ಅದಕ್ಕೇ ಫಿಲಂ ಮೇಲೆ ಎಪಿ ಅಂತ ಹಾಕದೆ ಕಳಿಸ್ಲೇಬಾರ್ದು. ಭುಜ ಮುಂದಕ್ಕೆ ತರೋದು ಹೆಗಲ ಮೂಳೆ ಶ್ವಾಸಕೋಶದ ಮೇಲೆ ಬೀಳದೆ ಪಕ್ಕಕ್ಕೆ ಸರೀಲಿ ಅಂತ, ಅಷ್ಟೇ.

ಇಲ್ಲಿ ಒಂದು ನಡೆದದ್ದು ಹೇಳ್ಬೇಕು. ಮೊದಲನೇ ವಾರ, ಒಬ್ರು ತಲೆಗೆ ಸ್ನಾನ ಮಾಡಿ ಬಂದಿದ್ರು, ಒದ್ದೆ ಕೂದ್ಲು, ದಪ್ಪ ಜಡೆ ಬೆನ್ನ ಮೇಲೆ. ನಾನು ಸರ ತೆಗೆಸಿದೆ, ಗೌನ್ ಹಾಕಿಸಿದೆ, ಎಲ್ಲ ಸರಿ ಅನ್ಕೊಂಡು ಎಕ್ಸ್‌ಪೋಸ್ ಮಾಡ್ದೆ. ಚಿತ್ರ ಬಂದ್ರೆ ಬಲಗಡೆ ಶ್ವಾಸಕೋಶದ ಮೇಲಿನ ತುದಿಲಿ ಬೆಳ್ಳಗೆ ಗೆರೆ ಗೆರೆ, ಮೇಲಿನ ಭಾಗ ಅಂದ್ರೆ ಟಿಬಿ ಹುಡುಕೋ ಜಾಗ, ನಂಗೆ ಎದೆ ಧಸಕ್ ಅಂತು. ಸೀನಿಯರ್ ಅಕ್ಕ ಬಂದು ಪರದೆ ನೋಡಿ "ಗೆರೆ ಕುತ್ತಿಗೆ ತನಕ ಹೋಗ್ತಿದೆ ನೋಡು, ಶ್ವಾಸಕೋಶದ ಗಡಿ ದಾಟಿ ಹೊರಗೆ ಹೋದ್ರೆ ಅದು ಒಳಗಿಂದು ಹೇಗಾಗತ್ತೆ, ಹೋಗಿ ಅವ್ರ ಬೆನ್ನು ನೋಡು" ಅಂದ್ರು. ಜಡೆ! ನೀರು ಹೀರಿರೋ ಕೂದ್ಲು ಎಕ್ಸ್‌ರೇನ ಕಾಣೋಷ್ಟು ತಡೆಯತ್ತೆ. "ಅಮ್ಮಾ, ಜಡೆ ಸ್ವಲ್ಪ ಮೇಲೆ ಎತ್ತಿ ಕಟ್ಕೊಳ್ತೀರಾ" ಅಂತ ಕೇಳಿ ಮತ್ತೆ ತೆಗೆದ್ವಿ, ಶ್ವಾಸಕೋಶ ತಿಳಿಯಾಗಿತ್ತು. ಆದ್ರೆ ಅವ್ರಿಗೆ ನನ್ನಿಂದ ಎರಡನೇ ಸಲ ರೇಡಿಯೇಷನ್ ಹೋಯ್ತು, ಅದು ಇವತ್ತಿಗೂ ಮನಸಲ್ಲಿ ಕೊರೀತಿದೆ. ಈಗ ಸರಕ್ಕಿಂತ ಮೊದಲು ಜಡೆ ನೋಡ್ತೀನಿ.

ಮೂಳೆ ಯಾಕೆ ಬೆಳ್ಳಗೆ ಅನ್ನೋದನ್ನ ಇಲ್ಲೇ ಮುಗಿಸ್ಬಿಡ್ತೀನಿ. ಮೂಳೆಲಿರೋ ಕ್ಯಾಲ್ಸಿಯಂನ ಪರಮಾಣು ಸಂಖ್ಯೆ 20, ಮಾಂಸಖಂಡದ ಸರಾಸರಿ ಏಳೂವರೆ ಹತ್ರ, ಮತ್ತೆ ಫೋಟೋಎಲೆಕ್ಟ್ರಿಕ್ ಹೀರಿಕೆ (ಪರಮಾಣು ಎಕ್ಸ್‌ರೇನ ಪೂರ್ತಿ ನುಂಗೋದು) ಆ ಸಂಖ್ಯೆಯ ಘನದ ಲೆಕ್ಕದಲ್ಲಿ ಏರತ್ತೆ, ಅಂದ್ರೆ ವ್ಯತ್ಯಾಸ ಸುಮಾರು 19 ಪಟ್ಟು. ಕೆವಿ, ಅಂದ್ರೆ ಕಿರಣದ ತಾಕತ್ತು, ಏರಿಸಿದ್ರೆ ಈ ವ್ಯತ್ಯಾಸ ಕಮ್ಮಿ ಆಗತ್ತೆ. ಹಾಗಾಗಿ ಕೈ ಬೆರಳಿಗೆ 50 ರಿಂದ 60 ಕೆವಿ, ಮೂಳೆ ಎದ್ದು ಕಾಣ್ಲಿ ಅಂತ. ಎದೆಗೆ 110ರ ಮೇಲೆ, ಪಕ್ಕೆಲುಬು ಮಸುಕಾಗಿ ಹಿಂದಿರೋ ಶ್ವಾಸಕೋಶ ಕಾಣ್ಲಿ ಅಂತ. ಎಂಎಎಸ್ ಅಂದ್ರೆ ಕಿರಣದ ಪ್ರಮಾಣ. ಫಿಲಂ ಕಾಲದಲ್ಲಿ ಪ್ರಮಾಣ ಜಾಸ್ತಿ ಆದ್ರೆ ಫಿಲಂ ಕಪ್ಪಾಗಿ ತಪ್ಪು ತಾನೇ ಹೇಳ್ತಿತ್ತು, ಈಗ ಡಿಜಿಟಲ್ಲಲ್ಲಿ ಕಂಪ್ಯೂಟರ್ ಸರಿ ಮಾಡಿ ಚಂದದ ಚಿತ್ರ ತೋರ್ಸತ್ತೆ, ಡೋಸ್ ಜಾಸ್ತಿ ಹೋಗಿದ್ದು ಗೊತ್ತೇ ಆಗಲ್ಲ. ಚಿತ್ರ ಚೆನ್ನಾಗಿದೆ ಅಂತ ಸುಮ್ನಾಗದೆ ಎಕ್ಸ್‌ಪೋಷರ್ ಇಂಡೆಕ್ಸ್ (ಡಿಟೆಕ್ಟರಿಗೆ ಎಷ್ಟು ಕಿರಣ ಬಿತ್ತು ಅನ್ನೋ ಅಂಕಿ) ನೋಡೋ ಅಭ್ಯಾಸ ಇಟ್ಕೊಳ್ಳಿ ದಯವಿಟ್ಟು.

ಅಲ್ಟ್ರಾಸೌಂಡ್‌ಗೆ ಬರೋಣ. ಇಲ್ಲಿ ರೇಡಿಯೇಷನ್ ಇಲ್ಲ, ಬರೀ ಶಬ್ದ, ಕಿವಿಗೆ ಕೇಳದಷ್ಟು ಎತ್ತರದ್ದು. ಹೊಟ್ಟೆಗೆ ಸುಮಾರು 2 ರಿಂದ 5 ಮೆಗಾಹರ್ಟ್ಜ್, ಥೈರಾಯ್ಡ್ ಥರ ಚರ್ಮದ ಹತ್ರ ಇರೋದಕ್ಕೆ 7ರ ಮೇಲೆ. ಫ್ರೀಕ್ವೆನ್ಸಿ ಏರಿದ್ರೆ ಚಿತ್ರ ಸೂಕ್ಷ್ಮ ಆಗತ್ತೆ ಆದ್ರೆ ಆಳಕ್ಕೆ ಹೋಗಲ್ಲ. ಮಷೀನು ದೇಹದೊಳಗೆ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಅಂತ ಇಟ್ಕೊಂಡು, ಪ್ರತಿಧ್ವನಿ ವಾಪಸ್ ಬರೋ ಸಮಯದಿಂದ ಆಳ ಲೆಕ್ಕ ಹಾಕತ್ತೆ.

ಜೆಲ್ ಹಚ್ಚಿದಾಗ ಎಲ್ರೂ ಕೇಳ್ತಾರೆ ಇದು ಔಷಧಿನಾ ಅಂತ. ಅಲ್ಲ. ಪ್ರೋಬ್‌ಗೂ ಚರ್ಮಕ್ಕೂ ಮಧ್ಯೆ ಕೂದಲೆಳೆಯಷ್ಟು ಗಾಳಿ ಇದ್ರೂ ಶಬ್ದ ಶೇಕಡ 99ಕ್ಕಿಂತ ಜಾಸ್ತಿ ಅಲ್ಲಿಂದಲೇ ವಾಪಸ್ ಬರತ್ತೆ, ಒಳಗೆ ಹೋಗೋದೇ ಇಲ್ಲ. ಜೆಲ್ ಆ ಗಾಳಿನ ಹೊರಗೆ ಹಾಕತ್ತೆ. ಇದನ್ನ ಅರ್ಥ ಮಾಡ್ಕೊಂಡ್ರೆ ಉಳಿದ ಎರಡು ಸೂಚನೆನೂ ಇದರಿಂದ್ಲೇ ಸಿಗತ್ತೆ. ಕೆಳಹೊಟ್ಟೆ ಸ್ಕ್ಯಾನಿಗೆ ಮೂತ್ರಕೋಶ ತುಂಬಿರ್ಬೇಕು, ಯಾಕಂದ್ರೆ ತುಂಬಿದ ಮೂತ್ರಕೋಶ ಗಾಳಿ ತುಂಬಿರೋ ಕರುಳನ್ನ ಪಕ್ಕಕ್ಕೆ ತಳ್ಳತ್ತೆ, ನೀರಲ್ಲಿ ಶಬ್ದ ಸಲೀಸಾಗಿ ಹೋಗಿ ಹಿಂದಿರೋ ಗರ್ಭಕೋಶ ಕಿಟಕಿಲಿ ನೋಡಿದ ಹಾಗೆ ಕಾಣತ್ತೆ. ತೀರಾ ತುಂಬಿ ನೋವಾಗೋಷ್ಟು ಬೇಡ, ಆಗ ಗರ್ಭಕೋಶನೇ ಅಮುಕಿ ಹೋಗತ್ತೆ.

ಖಾಲಿ ಹೊಟ್ಟೆ ಮಾತು ಪಿತ್ತಕೋಶಕ್ಕೆ. ತಿಂದ್ರೆ ಪಿತ್ತಕೋಶ ಹಿಂಡ್ಕೊಂಡು ಪಿತ್ತರಸ ಬಿಡತ್ತೆ, ಸುಕ್ಕಾದ ಚೀಲದ ಗೋಡೆ ದಪ್ಪ ಆಗಿರೋ ಹಾಗೆ ಕಾಣತ್ತೆ, ಒಳಗೆ ಕಲ್ಲಿದ್ರೂ ಕಾಣ್ದೇ ಹೋಗ್ಬಹುದು. ಆರು ಗಂಟೆಯಾದ್ರೂ ಏನೂ ತಿನ್ನದೆ ಬಂದ್ರೆ ಚೀಲ ತುಂಬಿ ಕಪ್ಪಗೆ ಕಾಣತ್ತೆ, ಕಲ್ಲು ಅದರೊಳಗೆ ಬೆಳ್ಳಗೆ ಹೊಳೀತಾ ಹಿಂದ್ಗಡೆ ಕಪ್ಪು ನೆರಳು ಬಿಡತ್ತೆ. ಡಾಕ್ಟ್ರು ಎಡಕ್ಕೆ ತಿರುಗಿ ಮಲಗಿ ಅಂತಾರಲ್ಲ, ಆಗ ಪರದೆ ಮೇಲೆ ಕಣ್ಣಿಟ್ಟಿರಿ: ಕಲ್ಲಾಗಿದ್ರೆ ಉರುಳಿ ಕೆಳಗೆ ಹೋಗತ್ತೆ, ಗೋಡೆಗೆ ಅಂಟಿರೋ ಪಾಲಿಪ್ (ಸಣ್ಣ ಮಾಂಸದ ಗಂಟು) ಅಲ್ಲಾಡಲ್ಲ. ನಾನು ಮೊದಲ ಸಲ ಆ ಉರುಳೋದನ್ನ ಕಣ್ಣಾರೆ ನೋಡಿದಾಗ ಪುಸ್ತಕದ ಒಂದು ಪುಟ ಪೂರ್ತಿ ತಲೆಗೆ ಹೋಯ್ತು.

ಸಿಟಿ, ಅಂದ್ರೆ ಸುತ್ತಲಿಂದ ಎಕ್ಸ್‌ರೇ ಬಿಟ್ಟು ದೇಹದ ಅಡ್ಡ ಹೋಳಿನ ಚಿತ್ರ ಕಟ್ಟೋದು. 1971ರ ಅಕ್ಟೋಬರ್ 1ಕ್ಕೆ ಲಂಡನ್ನಲ್ಲಿ ಮೊದಲ ರೋಗಿಯ ಮೆದುಳು ಸ್ಕ್ಯಾನ್ ಆಗಿದ್ದು, ಅದರ ಹಿಂದಿದ್ದ ಹೌನ್ಸ್‌ಫೀಲ್ಡ್ ಅವ್ರಿಗೆ ಕಾರ್ಮ್ಯಾಕ್ ಜೊತೆ 1979ರಲ್ಲಿ ನೊಬೆಲ್ ಬಂತು. ಯಾವ್ದು ಎಕ್ಸ್‌ರೇನ ಎಷ್ಟು ತಡೆಯತ್ತೆ ಅನ್ನೋದಕ್ಕೆ ಹೌನ್ಸ್‌ಫೀಲ್ಡ್ ಹೆಸರಲ್ಲೇ ಅಳತೆ: ನೀರು 0, ಗಾಳಿ ಮೈನಸ್ 1000, ಕೊಬ್ಬು ಮೈನಸ್ 100ರ ಆಸುಪಾಸು, ಗಟ್ಟಿ ಮೂಳೆ ಸಾವಿರದ ಹತ್ರ. ಹೊಸ ರಕ್ತಸ್ರಾವ ಮೆದುಳಿಗಿಂತ ಬೆಳ್ಳಗೆ ಕಾಣತ್ತೆ, ಸ್ಟ್ರೋಕ್ ಅಂದ ತಕ್ಷಣ ಮೊದಲು ಸಿಟಿಗೆ ಓಡಿಸೋದು ಇದಕ್ಕೆ, ರಕ್ತ ಸೋರಿದ್ರೆ ಹೆಪ್ಪು ಕರಗಿಸೋ ಔಷಧಿ ಕೊಡೋ ಹಾಗಿಲ್ಲ. ಕಾಂಟ್ರಾಸ್ಟ್ (ರಕ್ತನಾಳ, ಅಂಗ ಎದ್ದು ಕಾಣ್ಲಿ ಅಂತ ಕೊಡೋ ಇಂಜೆಕ್ಷನ್) ಕೊಡೋ ಮುಂಚೆ ಕಿಡ್ನಿ ರಿಪೋರ್ಟು, ಹಿಂದೆ ಅಲರ್ಜಿ ಆಗಿತ್ತಾ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತಗೋತಾರಾ ಇಷ್ಟು ಕೇಳ್ಬೇಕು, ಮತ್ತೆ ಮೈಯೆಲ್ಲ ಬಿಸಿ ಆಗತ್ತೆ, ಮೂತ್ರ ಹೋದ ಹಾಗೆ ಅನ್ಸತ್ತೆ, ಆದ್ರೆ ಹೋಗಿರಲ್ಲ ಅಂತ ಮುಂಚೆನೇ ಹೇಳ್ಬೇಕು, ಇಲ್ದಿದ್ರೆ ಪಾಪ ಗಾಬರಿಯಾಗಿ ಅಲ್ಲಾಡ್ತಾರೆ.

ಡೋಸ್ ಬಗ್ಗೆ ಕೇಳಿದ್ರೆ ಹೀಗೆ ಹೇಳಿ: ಭೂಮಿ ಮೇಲೆ ಸುಮ್ನೆ ಬದುಕಿದ್ರೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನೈಸರ್ಗಿಕವಾಗಿ ಸಿಗತ್ತೆ. ಒಂದು ಎದೆ ಎಕ್ಸ್‌ರೇ 0.1 ಇಲ್ಲ ಅದಕ್ಕಿಂತ ಕಮ್ಮಿ, ತಲೆ ಸಿಟಿ 2ರ ಹತ್ರ, ಹೊಟ್ಟೆ ಸಿಟಿ 8 ರಿಂದ 10ರ ಹತ್ರ. ಅಂದ್ರೆ ಎಕ್ಸ್‌ರೇಗೆ ಹೆದರೋದು ಬೇಡ, ಸಿಟಿನ ಸುಮ್ಸುಮ್ನೆ ಮಾಡಿಸೋದೂ ಬೇಡ. ಗರ್ಭಿಣಿನಾ ಅಂತ ಕೇಳುವಾಗ ಜೊತೆಗೆ ಬಂದೋರನ್ನ ಹೊರಗೆ ಕೂರಿಸಿ ಮೆಲ್ಲಗೆ ಕೇಳಿ, ಎಲ್ರ ಎದುರು ನಿಜ ಹೇಳೋಕೆ ಆಗಲ್ಲ ಕೆಲವ್ರಿಗೆ.

ಎಂಆರ್‌ಐ ಸಣ್ಣ ಕ್ಲಿನಿಕ್ಕಲ್ಲಿ ಇರಲ್ಲ ಅನ್ನೋದು ನಿಜ, ಆದ್ರೆ ಫಾರಂ ತುಂಬಿಸಿ ಕಳಿಸೋದು ನಾವೇ. ಅಲ್ಲಿನ ಅಯಸ್ಕಾಂತ ಸ್ಕ್ಯಾನ್ ಇಲ್ದಾಗ್ಲೂ ಆನ್ ಇರತ್ತೆ, 1.5 ಟೆಸ್ಲಾ ಅಂದ್ರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು, ಆಕ್ಸಿಜನ್ ಸಿಲಿಂಡರ್ ಹತ್ರ ಹೋದ್ರೆ ಹಾರಿ ಹೋಗಿ ಬಡಿಯತ್ತೆ. ಪೇಸ್‌ಮೇಕರ್, ಮೆದುಳಿನ ರಕ್ತನಾಳದ ಕ್ಲಿಪ್ ಇವನ್ನ ಎಲ್ರೂ ಕೇಳ್ತಾರೆ, ವೆಲ್ಡಿಂಗ್ ಗ್ರೈಂಡಿಂಗ್ ಕೆಲಸ ಮಾಡಿದೀರಾ, ಕಣ್ಣಿಗೆ ಲೋಹದ ಚೂರು ಬಿದ್ದಿತ್ತಾ ಅಂತ ಕೇಳೋದನ್ನ ಮಾತ್ರ ಬಿಟ್ಬಿಡ್ತಾರೆ, ಅದನ್ನ ಬಿಡ್ಬೇಡಿ. ಟಿ1, ಟಿ2 (ಎಂಆರ್‌ಐ ಚಿತ್ರದ ಎರಡು ಬಗೆ) ಗೊಂದಲ ಇರೋರಿಗೆ: ಮೆದುಳಿನ ಮಧ್ಯದ ನೀರು ಬೆಳ್ಳಗಿದ್ರೆ ಟಿ2, ಕಪ್ಪಗಿದ್ರೆ ಟಿ1. ಫ್ಲೇರ್ ಅನ್ನೋ ಇನ್ನೊಂದು ಬಗೆಲಿ ನೀರಿನ ಬಿಳುಪನ್ನ ಬೇಕಂತಲೇ ಅಡಗಿಸಿರ್ತಾರೆ, ಅದೊಂದು ನೆನಪಿರ್ಲಿ.

ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಬಗ್ಗೆ ಒಂದೇ ಮಾತು, ಒತ್ತಿ ಚಪ್ಪಟೆ ಮಾಡೋದ್ರಿಂದ ಡೋಸ್ ಕಮ್ಮಿ ಆಗತ್ತೆ, ಒಂದರ ಮೇಲೊಂದು ಬಿದ್ದಿರೋ ಅಂಗಾಂಶ ಬಿಡಿಸ್ಕೊಳ್ಳತ್ತೆ, ನೋವು ಕೆಲವೇ ಸೆಕೆಂಡ್ ಅಂತ ಮುಂಚೆ ಹೇಳಿದ್ರೆ ತಡ್ಕೊಳ್ತಾರೆ.

ಕೊನೇದಾಗಿ ನಂಗೆ ತುಂಬಾ ಮುಖ್ಯ ಅನ್ಸೋ ಪ್ರಶ್ನೆ, "ಹಳೇ ಫಿಲಂ ಏನಾದ್ರೂ ತಂದಿದೀರಾ?" ಶ್ವಾಸಕೋಶದಲ್ಲಿ ಒಂದು ಸಣ್ಣ ಗಟ್ಟಿ ಗಂಟು ಕಂಡ್ರೆ ಇವತ್ತಿನ ಚಿತ್ರ ಒಂದನ್ನೇ ಇಟ್ಕೊಂಡು ಡಾಕ್ಟ್ರು ಏನೂ ಖಚಿತವಾಗಿ ಹೇಳೋಕೆ ಆಗಲ್ಲ, ಅದೇ ಎರಡು ವರ್ಷದ ಹಿಂದಿನ ಚಿತ್ರದಲ್ಲೂ ಅಷ್ಟೇ ಗಾತ್ರದಲ್ಲಿ ಇತ್ತು ಅಂದ್ರೆ ಅಪಾಯ ಇಲ್ಲದ್ದು ಅಂತ ಸಾಮಾನ್ಯವಾಗಿ ತೀರ್ಮಾನಕ್ಕೆ ಬರ್ತಾರೆ, ಎಷ್ಟೋ ಸಲ ಮುಂದಿನ ಸಿಟಿನೂ ಬೇಕಾಗಲ್ಲ. ಅಪಾಯಿಂಟ್‌ಮೆಂಟ್‌ಗೆ ಫೋನ್ ಬಂದಾಗ್ಲೇ ಹಳೇ ಕವರ್ ತನ್ನಿ ಅಂತ ಹೇಳಿಬಿಡಿ, ಟೇಬಲ್ ಮೇಲೆ ಮಲಗಿದ್ಮೇಲೆ ಕೇಳಿದ್ರೆ ಅದು ಮನೇಲೇ ಉಳಿದಿರತ್ತೆ.